ಎದುರಾಳಿಯಿಲ್ಲದ ಹರಕೆ

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ತೇರು ಕದಲುವ ಮೊದಲು ಮುಕ್ತಿ ಬಾವುಟ ಹರಾಜಿಗೆ ಬರುತ್ತದೆ. ಬಟ್ಟೆಯ ಲೆಕ್ಕ ಹಿಡಿದರೆ ಅದರ ಬೆಲೆ ಎಷ್ಟಿದ್ದೀತು? ಕೂಗು ಮಾತ್ರ ಲಕ್ಷಗಳಿಗೆ ಏರುತ್ತದೆ. ಬಿಸಿಲಿಗೆ ನೆತ್ತಿ ಕಾಯುತ್ತಿದ್ದರೂ ಜನ ಕದಲುವುದಿಲ್ಲ. ಕೊನೆಗೆ ಬಾವುಟ ಒಬ್ಬರ ಕೈ ಸೇರುತ್ತದೆ. ಉಳಿದವರು ತೇರಿಗೆ ಕೈಮುಗಿದು ಊರಿನ ದಾರಿ ಹಿಡಿಯುತ್ತಾರೆ.

ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರಿಗೆ ಫುಟ್‌ಬಾಲ್ ಮನೆಯ ಆಟವಲ್ಲ. ಹೊಸದುರ್ಗ, ಹೊಳಲ್ಕೆರೆಯ ಶಾಲಾ ಬಯಲುಗಳಲ್ಲಿ ಮಕ್ಕಳು ಆಡಿ ಬೆಳೆದದ್ದು ಕಬಡ್ಡಿ, ಖೊಖೊ, ವಾಲಿಬಾಲ್. ಈಗ ಎಲ್ಲೆಲ್ಲೂ ಕ್ರಿಕೆಟ್. ಆದರೂ ಇಲ್ಲಿಂದ ಲಂಡನ್ನಿಗೋ ಮ್ಯೂನಿಕ್ಕಿಗೋ ಕೆಲಸಕ್ಕೆ ಹೋದವರು ಅಲ್ಲಿನ ಫುಟ್‌ಬಾಲ್ ಮೈದಾನಕ್ಕೆ ಕಾಲಿಟ್ಟರೆ ಪೂರ್ತಿ ಪರಕೀಯರಾಗಲಾರರು. ಆಟದ ನಿಯಮ ತಿಳಿಯದಿರಬಹುದು, ಜಾತ್ರೆಯ ಗುರುತು ತಪ್ಪುವುದಿಲ್ಲ. ಬಾವುಟ ಉಂಟು, ಒಕ್ಕೊರಲಿನ ಹಾಡು ಉಂಟು, ಅಪ್ಪನ ಹೆಗಲೇರಿ ಕೂತ ಮಗುವೂ ಉಂಟು. ಪರದೇಶದಲ್ಲಿ ಒಂಟಿಯಾದವರಿಗೆ ಇಂಥ ಗುಂಪು ಬೇಗ ಹತ್ತಿರವಾಗುತ್ತದೆ. ಪಕ್ಕದಲ್ಲಿ ನಿಂತವರು ಯಾವ ಊರು, ಯಾವ ಜನ ಎಂದು ಕೇಳದೆ ಹೆಗಲ ಮೇಲೆ ಕೈಹಾಕುತ್ತಾರೆ.

ಆದರೆ ಆ ಗುಂಪು ದೇವರಲ್ಲಿ ಬೇಡುವುದೇನು? ನಮ್ಮವರು ಗೆಲ್ಲಲಿ ಎಂದು. ಅಂದರೆ ಎದುರಿನವರು ಸೋಲಲಿ ಎಂದೂ ಆಯಿತು. ಅದೇ ಹೊತ್ತಿನಲ್ಲಿ ಎದುರು ಗ್ಯಾಲರಿಯಲ್ಲಿ ಇನ್ನೊಬ್ಬರು ಅಷ್ಟೇ ನಿಷ್ಠೆಯಿಂದ ಕಣ್ಣು ಮುಚ್ಚಿರುತ್ತಾರೆ. ಇಬ್ಬರ ಮೊರೆಯನ್ನೂ ದೇವರು ಕೇಳುವುದಾದರೆ ಒಬ್ಬರಿಗೆ ಕಿವುಡನಾಗಲೇಬೇಕು. ಇಂಥ ಬೇಡಿಕೆಯನ್ನು ಭಕ್ತಿ ಎನ್ನಬಹುದೇ?

ಅಭಿಮಾನಿಯ ಸಂಕಟವಂತೂ ಸುಳ್ಳಲ್ಲ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲ ವೈದ್ಯರು ತುರ್ತು ಹೃದ್ರೋಗದ ಪ್ರಕರಣಗಳನ್ನು ಲೆಕ್ಕ ಹಾಕಿದರು. ಜರ್ಮನಿ ಆಡಿದ ದಿನಗಳಲ್ಲಿ ಅವು ಉಳಿದ ಕಾಲಕ್ಕಿಂತ 2.66 ಪಟ್ಟು ಹೆಚ್ಚಿದ್ದವು. ಗಂಡಸರಲ್ಲಿ ಈ ಏರಿಕೆ ಮೂರು ಪಟ್ಟನ್ನೂ ಮೀರಿತ್ತು. ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ತಾವು ಮುಟ್ಟದ ಚೆಂಡಿಗಾಗಿ ಸಾವಿರಾರು ಜನ ತಮ್ಮ ಎದೆಯನ್ನೇ ಪಣಕ್ಕಿಡುತ್ತಾರೆ. ಹೊತ್ತ ಹರಕೆ ಹೊತ್ತವರ ಮೈಯನ್ನೇ ಮೊದಲು ಮುಟ್ಟುತ್ತದೆ ಎಂಬುದನ್ನು ಉಪವಾಸ, ಉರುಳುಸೇವೆ ಕಂಡ ಈ ಸೀಮೆಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ.

2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ಒಂದು ಕಡೆ, ಕೋಲ್ಕತ್ತದ ಮೋಹನ್ ಬಗಾನ್ ಇನ್ನೊಂದು ಕಡೆ. ಡೆಂಪೊ ಪರ ಆಡುತ್ತಿದ್ದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆದ ಗಳಿಗೆಯಲ್ಲೇ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು. ಮತ್ತೆ ಏಳಲಿಲ್ಲ. ವಯಸ್ಸು ಬರೀ 25. ಡೆಂಪೊ 2-0ರಿಂದ ಕಪ್ ಗೆದ್ದಿತು. ಎರಡೂ ಗೋಲು ಅವರದೇ. ಅಂದು ಡೆಂಪೊ ಅಭಿಮಾನಿಗಳು ಬೇಡಿದ್ದೆಲ್ಲ ಅಕ್ಷರಶಃ ಸಿಕ್ಕಿತು. ಸಿಕ್ಕಿದ್ದನ್ನು ಎತ್ತಿ ಮೆರೆಸಲು ಯಾರಿಗೆ ತಾನೇ ಕೈ ಬಂದೀತು? ಕ್ರಿಸ್ಟಿಯಾನೊ ತೊಡುತ್ತಿದ್ದ 10ನೇ ನಂಬರಿನ ಜೆರ್ಸಿಯನ್ನು ಕ್ಲಬ್ಬು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಹುಟ್ಟಿದ ನೆಲದಿಂದ ಅಷ್ಟು ದೂರದಲ್ಲಿ, ಭಾಷೆ ತಿಳಿಯದ ಊರಲ್ಲಿ ಹೋದ ಜೀವ ಅದು. ಇಪ್ಪತ್ತು ವರ್ಷ ಕಳೆದರೂ ಆ ಸಂಜೆಯನ್ನು ನೆನೆದರೆ ಕರುಳು ಚುರುಕ್ಕೆನ್ನುತ್ತದೆ.

ಏಳು ವರ್ಷಗಳ ನಂತರ, 2012ರ ಮಾರ್ಚ್ 17ರಂದು, ಲಂಡನ್ನಿನಲ್ಲಿ ಇನ್ನೊಬ್ಬ ವಲಸಿಗ ಮೈದಾನದಲ್ಲಿ ಕುಸಿದ. ಫ್ಯಾಬ್ರಿಸ್ ಮುವಾಂಬಾ ಹುಟ್ಟಿದ್ದು ಕಾಂಗೋದಲ್ಲಿ. ದೇಶ ಬಿಟ್ಟು ಓಡಿಬಂದ ತಂದೆಯನ್ನು ಸೇರಲು ಹನ್ನೊಂದನೇ ವಯಸ್ಸಿಗೆ ಇಂಗ್ಲೆಂಡಿಗೆ ಬಂದವನು. ಅಲ್ಲಿನ ಭಾಷೆಯನ್ನೂ ಆಟವನ್ನೂ ಕಲಿತು ಬೋಲ್ಟನ್ ತಂಡದ ಆಟಗಾರನಾದವನು. ಟಾಟನ್‌ಹ್ಯಾಮ್ ವಿರುದ್ಧದ ಪಂದ್ಯದ ಮೊದಲರ್ಧ ಮುಗಿಯುವ ಮುಂಚೆಯೇ ಅವನ ಎದೆಬಡಿತ ನಿಂತಿತು. ಒಟ್ಟು 78 ನಿಮಿಷ ಅದು ತಾನಾಗಿ ಬಡಿಯಲಿಲ್ಲ.

ಆಗ ಗ್ಯಾಲರಿಯಲ್ಲಿ ಆದದ್ದನ್ನು ಯಾವ ಧರ್ಮದವರಾದರೂ ಮನಸ್ಸಿಟ್ಟು ನೋಡಬೇಕು. ಅರೆಗಳಿಗೆಯ ಹಿಂದೆ ಬೋಲ್ಟನ್ ಸೋಲಲಿ ಎಂದು ಕೂಗುತ್ತಿದ್ದ ಟಾಟನ್‌ಹ್ಯಾಮ್ ಅಭಿಮಾನಿಗಳು ಬೋಲ್ಟನ್ನಿನವರ ಜೊತೆ ಸೇರಿ ಅವನ ಹೆಸರು ಹಿಡಿದು ಕರೆಯತೊಡಗಿದರು. ಒಂದೇ ಏಟಿಗೆ ಎರಡು ಕಡೆ ಎಂಬುದೇ ಇಲ್ಲವಾಯಿತು. ಗೆಲುವಿನ ಹರಕೆಗೆ ಸೋಲುವವನೊಬ್ಬ ಬೇಕು. ಬಿದ್ದವನು ಏಳಲಿ ಎಂಬ ಹರಕೆಗೆ ಯಾರೂ ಸೋಲಬೇಕಿಲ್ಲ. ಅಲ್ಲಿಯವರೆಗೆ ಇದ್ದದ್ದು ಅಭಿಮಾನ; ಆ ಗಳಿಗೆಯಲ್ಲಿ ಹುಟ್ಟಿದ್ದನ್ನು ಭಕ್ತಿ ಎಂದು ಕರೆಯಲು ಅಳುಕಬೇಕಿಲ್ಲ.

ಟಾಟನ್‌ಹ್ಯಾಮ್ ಕಡೆಯಿಂದ ಪಂದ್ಯ ನೋಡಲು ಬಂದಿದ್ದ ಹೃದ್ರೋಗ ತಜ್ಞ ಆಂಡ್ರ್ಯೂ ಡೀನರ್ ಕಾವಲಿನವರನ್ನು ಒಪ್ಪಿಸಿ ಮೈದಾನಕ್ಕಿಳಿದರು, ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಯವರೆಗೂ ಜೊತೆಗೆ ಹೋದರು. ಮುವಾಂಬಾ ಬದುಕಿದ. ಆಟ ಬಿಡಬೇಕಾಯಿತು, ಜೀವ ಉಳಿಯಿತು. ಲೋಕದಾದ್ಯಂತ ಜನ ಅವನಿಗಾಗಿ ಪ್ರಾರ್ಥಿಸಿದ್ದರು. ನಂಬುವವರು ಡೀನರ್ ಅಲ್ಲಿ ಕೂತಿದ್ದುದೇ ದೇವರ ಏರ್ಪಾಡು ಎಂದಾರು. ಹಾಗಾದರೆ ಬೆಂಗಳೂರಿನಲ್ಲಿ ಬಿದ್ದವನ ಪಾಲಿಗೆ ದೇವರು ಎಲ್ಲಿದ್ದ? ಹಣೆಬರಹ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಮಗನನ್ನು ಕಳೆದುಕೊಂಡ ತಾಯಿಯ ಎದುರು ನಿಂತು ಆ ಮಾತು ಆಡಲು ಮಾತ್ರ ನಾಲಗೆ ಏಳುವುದಿಲ್ಲ.

ಉತ್ತರ ಬೇಕೆಂಬ ಹಂಬಲಕ್ಕೆ ಹೊಸದುರ್ಗ ತಾಲ್ಲೂಕಿನಲ್ಲೇ ಒಂದು ಜಾಗವಿದೆ. ಹಾಲುರಾಮೇಶ್ವರದ ಕೊಳದ ಮುಂದೆ ನಿಂತು ಜನ ಗಂಗಮ್ಮನನ್ನು ಬೇಡುತ್ತಾರೆ. ನೀರಿನೊಳಗಿಂದ ಹಣ್ಣೋ ಕಾಯಿಯೋ ತೇಲಿಬಂದರೆ ಅದೇ ಪ್ರಸಾದ, ಅದೇ ಉತ್ತರ ಎಂಬುದು ನಂಬಿಕೆ. ಮಕ್ಕಳಿಲ್ಲದವರು, ಕಷ್ಟದಲ್ಲಿರುವವರು ದೂರದೂರದಿಂದ ಬರುತ್ತಾರೆ. ಏನೂ ತೇಲಿಬಾರದಿದ್ದರೂ ಎಷ್ಟೋ ಜನ ಮುನಿಯದೆ ಮರಳುತ್ತಾರೆ. ಸಂಕಟವನ್ನು ಬಾಯಿಬಿಟ್ಟು ಹೇಳಿಕೊಳ್ಳಲು, ಪಕ್ಕದವರ ಸಂಕಟವನ್ನೂ ಕೇಳಿಸಿಕೊಳ್ಳಲು ಒಂದು ದಂಡೆ ಸಿಕ್ಕಿತಲ್ಲ, ಅದನ್ನು ಸಣ್ಣದೆನ್ನಲಾಗದು.

ಕಾಯಿಲೆ ಹೊರಗಿನವನನ್ನು ಒಳಗಿನವನನ್ನಾಗಿ ಮಾಡುತ್ತದೆ ಎಂಬುದಕ್ಕೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ಸಾಕ್ಷಿ. ಅಲ್ಲಿ ಬಿದ್ದವನಲ್ಲ, ಎತ್ತಲು ಬಂದವನು ಪರಊರಿನವನು. ಕರಾವಳಿಯ ಬಾರ್ಕೂರಿನಲ್ಲಿ ಬಾಲ್ಯ ಕಳೆದ ರಾಘವೇಂದ್ರ ಸ್ವಾಮೀಜಿ ಊರೂರು ಸುತ್ತಿ ಯೋಗ ಶಿಬಿರ ನಡೆಸುತ್ತಿದ್ದರು. ಮೈ ಪಳಗಿಸುವುದನ್ನು ಕಲಿಸುತ್ತಲೇ ಆಯುರ್ವೇದದ ಮದ್ದನ್ನೂ ಕೊಡುತ್ತಿದ್ದರು. 1943ರಲ್ಲಿ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಶುರುವಾಯಿತು. ಯೋಗ ಹೇಳಿಕೊಡುವ ಮೇಷ್ಟರು ಎಷ್ಟೋ ಊರುಗಳಿಗೆ ಬಂದು ಹೋಗಿರಬಹುದು; ನಾಡಿ ಹಿಡಿದವರನ್ನು ಈ ಊರು ಹೋಗಗೊಡಲಿಲ್ಲ.

ತಮ್ಮನ್ನು ಅವರು ಕರೆದುಕೊಂಡದ್ದು ‘ತಿರುಕ’ ಎಂದು. ಬರೆದದ್ದೂ ಅದೇ ಹೆಸರಿನಲ್ಲಿ. ಆತ್ಮಕಥೆಗೆ ‘ಜೋಳಿಗೆಯ ಪವಾಡ’ ಎಂದೇ ಹೆಸರಿಟ್ಟರು. ಬೇಡುವುದರಲ್ಲೂ ಎರಡು ಬಗೆ ಇರುವುದನ್ನು ಆ ಹೆಸರು ಕಾಣಿಸುತ್ತದೆ. ಮುಕ್ತಿ ಬಾವುಟ ಕೂಗಿದವನೊಬ್ಬನಿಗೆ ಸಿಕ್ಕರೆ ಇನ್ನೊಬ್ಬನಿಗೆ ಸಿಗದು. ತಿರುಕನ ಜೋಳಿಗೆಗೆ ಒಬ್ಬರು ಹಾಕಿದರೆಂದು ಇನ್ನೊಬ್ಬರು ಸೋಲುವುದಿಲ್ಲ. ಅದರಲ್ಲಿ ಬಿದ್ದದ್ದು ಅನ್ನವಾಗಿ, ಪಾಠವಾಗಿ, ಮದ್ದಾಗಿ ಗುರುತಿಲ್ಲದವರಿಗೆ ಸೇರುತ್ತಿತ್ತು. 1996ರಲ್ಲಿ ಸ್ವಾಮೀಜಿ ತೀರಿಕೊಂಡರು. ಮಲ್ಲಾಡಿಹಳ್ಳಿ ಹೆಸರಿನ ಜೊತೆಗಲ್ಲದೆ ಈಗ ಯಾರೂ ಅವರನ್ನು ನೆನೆಯುವುದಿಲ್ಲ.

ಕಂಠೀರವದಲ್ಲಿ ಇಂದಿಗೂ ಫುಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ಬೆಂಗಳೂರು ಎಫ್‌ಸಿಯ ನೀಲಿ ಬಾವುಟ ಹಿಡಿದವರು ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಪಂದ್ಯ ಮುಗಿಯುವವರೆಗೂ ಹಾಡುತ್ತಾರೆ. ಹೊಟ್ಟೆಪಾಡಿಗೆ ಊರು ಬಿಟ್ಟು ಆ ನಗರ ಸೇರಿದವರಲ್ಲಿ ಹಿರಿಯೂರು, ಹೊಸದುರ್ಗದ ಕಡೆಯವರೂ ಇದ್ದಾರೆ. ಅವರೆದುರಿನ ಆ ಹುಲ್ಲಿನ ಮೇಲೆಯೇ ಬ್ರೆಜಿಲ್‌ನ ಹುಡುಗ ಬಿದ್ದದ್ದು.