ವೃದ್ಧರ ಧನವು ಮಕ್ಕಳ ಕೈಯಲ್ಲಿ ನಿಕ್ಷೇಪ



ಮಹಾಲಯ ಪಕ್ಷವು ಬಂದಾಗ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಮ್ಮ ಮನೆಗಳಲ್ಲಿ ಪಿತೃಕಾರ್ಯಗಳು ಶ್ರದ್ಧೆಯಿಂದ ನಡೆಯುತ್ತವೆ. ಅಗಲಿದವರಿಗೆ ತಿಲೋದಕ ಕೊಡುವುದು ಮಕ್ಕಳ ಕರ್ತವ್ಯವೇ ಸರಿ. ಆದರೆ ಬದುಕಿರುವ ತಾಯಿಯ ಠೇವಣಿಗಾಗಿ, ತಂದೆಯ ಹೆಸರಿನ ಹೊಲದ ಉತಾರಕ್ಕಾಗಿ ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲೇರಿರುವಾಗ ಮಾಡಿದ ಶ್ರಾದ್ಧವು ಶ್ರೀಹರಿಗೆ ಪ್ರೀತಿಕರವಾದೀತೇ ಎಂಬುದನ್ನು ನಾವೆಲ್ಲರೂ ವಿಚಾರಿಸಬೇಕಾಗಿದೆ.

ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದನೆಂಬ ಪ್ರತೀತಿಯುಳ್ಳ ಪುಣ್ಯಕ್ಷೇತ್ರ ನಮ್ಮ ಗದಗು. ಆತನ ಕಾವ್ಯವು ಹತ್ತು ಪರ್ವಗಳಿಗೆ ನಿಂತಿರುವುದರಿಂದ ಆಶ್ರಮವಾಸಿಕ ಪರ್ವದ ಪ್ರಸಂಗವೊಂದು ಅನೇಕರ ಕಿವಿಗೆ ಬಿದ್ದಿರಲಾರದು. ಯುದ್ಧಾನಂತರ 15 ವರ್ಷ ಧೃತರಾಷ್ಟ್ರನು ಪಾಂಡವರ ಆಶ್ರಯದಲ್ಲಿದ್ದನು. ವನಕ್ಕೆ ಹೊರಡುವ ಮುನ್ನ ಭೀಷ್ಮ-ದ್ರೋಣಾದಿಗಳ ಹಾಗೂ ತನ್ನ ಮಕ್ಕಳ ಶ್ರಾದ್ಧಕ್ಕಾಗಿ ವಿದುರನ ಮೂಲಕ ಧನವನ್ನು ಬೇಡಿದನು. ಭೀಮಸೇನದೇವರು ಒಪ್ಪಲಿಲ್ಲ. ಅವರ ಕಠಿಣ ನುಡಿಗಳು ಧೃತರಾಷ್ಟ್ರನಿಗೆ ವೈರಾಗ್ಯವನ್ನು ಹುಟ್ಟಿಸಲೆಂದೇ ಬಂದವೆಂದು ನಮ್ಮ ಸಂಪ್ರದಾಯದ ಹಿರಿಯರು ಹೇಳುತ್ತಾರೆ. ಧರ್ಮರಾಜನಾದರೋ ತನ್ನ ಮತ್ತು ಅರ್ಜುನನ ಭಂಡಾರದಿಂದ ಬೇಕಾದಷ್ಟನ್ನು ಕೊಡಿಸಿದನು. ಅನ್ಯಾಯವೆಸಗಿದ ದೊಡ್ಡಪ್ಪನಿಗೆ ತನ್ನ ಧನವನ್ನೇ ಕೊಟ್ಟವನ ಕಥೆಯಿದು. ಹೆತ್ತವರಿಗೆ ಅವರದೇ ಹಣವನ್ನು ಕೊಡಲು ಹಿಂಜರಿಯುವವರು ಇದನ್ನು ಮನನ ಮಾಡಬೇಕು.

ಶ್ರೀಮದಾಚಾರ್ಯರ ಸಿದ್ಧಾಂತದಂತೆ ಸ್ವತಂತ್ರನು ಶ್ರೀಹರಿಯೊಬ್ಬನೇ, ನಾವೆಲ್ಲರೂ ಅಸ್ವತಂತ್ರರು. ನಮ್ಮದೆನ್ನುವ ಸಂಪತ್ತೇ ನಮ್ಮದಲ್ಲವೆಂದ ಮೇಲೆ ತಾಯಿಯ ಪಿಂಚಣಿ ನಮ್ಮದು ಹೇಗಾದೀತು? ಅದು ನಮ್ಮ ಕೈಯಲ್ಲಿರುವ ನಿಕ್ಷೇಪ. ಇಟ್ಟವರು ಕೇಳಿದಾಗ ಕೊಡಬೇಕು; ಕೇಳಲಾರದಾದಾಗ ಅವರ ಹಿತಕ್ಕೇ ವ್ಯಯಿಸಬೇಕು.

ರಾಜಶಾಸನವೂ ಇದನ್ನೇ ಹೇಳುತ್ತದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ 23ನೆಯ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನಿಂದ ಬಕ್ಷೀಸುಪತ್ರ ಪಡೆದವನು ಮಾತಿಗೆ ತಪ್ಪಿದರೆ ಆ ಪತ್ರವನ್ನು ರದ್ದುಪಡಿಸಬಹುದು. ಮಧ್ಯಪ್ರದೇಶದ ಛತ್ತರ್‌ಪುರದ ತಾಯಿಯೊಬ್ಬಳು 2019ರಲ್ಲಿ ಮಗನಿಗೆ ಕೊಟ್ಟ ಆಸ್ತಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿ 2ರಂದು ಆಕೆಗೆ ಮರಳಿ ಕೊಡಿಸಿತು. ಷರತ್ತು ಪತ್ರದಲ್ಲಿಯೇ ಸ್ಪಷ್ಟವಾಗಿದ್ದರೆ ವೃದ್ಧರಿಗೆ ರಕ್ಷಣೆ ಹೆಚ್ಚು. ನಮ್ಮಲ್ಲಿ ಈ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಡಬೇಕು. ಸ್ವತಃ ಹೋಗಲಾರದ ವೃದ್ಧರು ಬೇರೊಬ್ಬರಿಗೆ ಅಧಿಕಾರ ಕೊಟ್ಟು ಅರ್ಜಿ ಸಲ್ಲಿಸಬಹುದು.

ಬುದ್ಧಿಭ್ರಮಣೆಯಾದ ವೃದ್ಧರ ಪಾಲಕತ್ವದ ಪ್ರಶ್ನೆ ಇನ್ನೂ ಜಟಿಲವಾದುದು. 1890ರ ಪಾಲಕ ಕಾಯಿದೆಯು ಅಪ್ರಾಪ್ತ ಮಕ್ಕಳಿಗಾಗಿ ಇರುವುದು. ಮುಖ್ತ್ಯಾರಪತ್ರವಾದರೋ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದೊಡನೆ 1872ರ ಕರಾರು ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ನೇಮಿಸಿದ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಅಧಿಕಾರ, ಹಣದ ಮೇಲಲ್ಲ. ಆದುದರಿಂದ ಎಷ್ಟೋ ಕುಟುಂಬಗಳು ಪಾಲಕರ ನೇಮಕಕ್ಕಾಗಿ ಉಚ್ಚ ನ್ಯಾಯಾಲಯದವರೆಗೂ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಔಷಧಕ್ಕೂ ಹಣ ಸಿಗದೆ ಹಾಸಿಗೆ ಹಿಡಿದ ಜೀವವು ಬಳಲುತ್ತದೆ. ವಾದಿ-ಪ್ರತಿವಾದಿಗಳಿಬ್ಬರೂ ಆಕೆಯ ಮಕ್ಕಳೇ ಆಗಿರುತ್ತಾರೆ!

ಆದಕಾರಣ ಹಿರಿಯರಲ್ಲಿ ನಮ್ಮ ವಿನಂತಿ: ಬುದ್ಧಿ ಸ್ವಸ್ಥವಾಗಿರುವಾಗಲೇ ಮೃತ್ಯುಪತ್ರವನ್ನು ಬರೆಸಿರಿ, ಇರುವ ಮನೆಯನ್ನು ಮಮತೆಯ ಭರದಲ್ಲಿ ಬರೆದುಕೊಟ್ಟುಬಿಡಬೇಡಿರಿ. ಮಕ್ಕಳಲ್ಲಿ ವಿನಂತಿ: ತಂದೆತಾಯಿಗಳ ಹಣವನ್ನು ನೋಡಿಕೊಳ್ಳುವವನು ಪ್ರತಿ ಯುಗಾದಿಗೊಮ್ಮೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮುಂದೆ ಲೆಕ್ಕವನ್ನು ಓದಲಿ. ಉಳಿದವರು ಲೆಕ್ಕ ಕೇಳುವುದರೊಂದಿಗೆ ಸೇವೆಯಲ್ಲಿಯೂ ಪಾಲು ಕೇಳಲಿ. ರಾತ್ರಿ ಎದ್ದು ನೀರು ಕೊಡುವ ಸೊಸೆಯ ಶ್ರಮವನ್ನು ಮರೆಯದಿರಲಿ. ವ್ಯಾಜ್ಯ ಈಗಾಗಲೇ ನಡೆದಿದ್ದರೆ, ಅದು ತೀರುವವರೆಗೆ ಔಷಧೋಪಚಾರದ ಖರ್ಚನ್ನಾದರೂ ಸಮನಾಗಿ ಹಂಚಿಕೊಳ್ಳಲಿ.

ತೈತ್ತಿರೀಯೋಪನಿಷತ್ತು ಮಾತಾಪಿತೃಗಳನ್ನು ದೇವರೆಂದು ಭಾವಿಸಲು ವಿಧಿಸಿದೆ. ಅವರ ಅಂತರ್ಯಾಮಿಯಾದ ಭಗವಂತನಿಗೆ ಸಲ್ಲುವ ಪೂಜೆಯೆಂದು ತಿಳಿದು, ಈ ಮಹಾಲಯದಲ್ಲಿ ಪಿಂಡಪ್ರದಾನಕ್ಕೆ ಮೊದಲು ಮನೆಯಲ್ಲಿರುವ ವೃದ್ಧರ ಬಳಿ ಕುಳಿತು ಅವರಿಗೆ ಏನು ಬೇಕೆಂದು ಕೇಳೋಣ.

ಶ್ರೀಕೃಷ್ಣಾರ್ಪಣಮಸ್ತು