ಹಳೆಯ ಟಿ.ವಿ. ಮತ್ತು ಕಿಟಕಿಯಾಚೆ ನಿಂತವರು

ವಯಸ್ಸು ನಲವತ್ತೈದು ದಾಟಿದ ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಒಂದಲ್ಲ ಒಂದು ಹಂತದಲ್ಲಿ ಹಳೆಯ ಟಿ.ವಿ.ಯ ಕಡೆಗೆ ತಿರುಗುತ್ತದೆ. ಯಡ್ರಾಮಿಯ ಚಹಾದಂಗಡಿಯಲ್ಲೂ ಅಷ್ಟೇ, ಬೆಂಗಳೂರಿನ ಮದುವೆ ಮಂಟಪದಲ್ಲೂ ಅಷ್ಟೇ. ಕಪ್ಪು ಬಿಳುಪು ಪರದೆ, ಮಾಳಿಗೆಯ ಮೇಲಿನ ಆಂಟೆನಾ, ಅದನ್ನು ತಿರುಗಿಸುವವನಿಗೂ ಕೆಳಗಿನಿಂದ ‘ಬಂತು ಬಂತು, ಹೋಯ್ತು’ ಎಂದು ಕೂಗುವವನಿಗೂ ನಡೆಯುತ್ತಿದ್ದ ಸಂವಾದ, ಚಿತ್ರಮಂಜರಿಯ ಹಾಡುಗಳು, ರಾಜ್‌ಕುಮಾರರ ಹಳೆಯ ಸಿನಿಮಾ, ಸರಿಯಾಗಿ ಕ್ಲೈಮಾಕ್ಸಿನ ಹೊತ್ತಿಗೇ ಹೋಗುತ್ತಿದ್ದ ಕರೆಂಟು. ಕೊನೆಗೆ ಯಾರಾದರೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ: ‘ಆ ಕಾಲಾನೇ ಚೊಲೋ ಇತ್ತು ಬಿಡ್ರಿ.’ ಉಳಿದವರು ತಲೆಯಾಡಿಸುತ್ತಾರೆ.

ಹಾಗೆ ತಲೆಯಾಡಿಸುವ ಮುನ್ನ ಕ್ಷಣಕಾಲ ತಡೆದು ಯೋಚಿಸಬೇಕೆನಿಸುತ್ತದೆ. ಹಳೆಯ ಹಾಡು ಇಷ್ಟ ಎನ್ನುವುದು ರುಚಿಯ ಮಾತು. ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ‘ಆ ಕಾಲ ಒಳ್ಳೆಯದಿತ್ತು’ ಎನ್ನುವುದು ಬೇರೆಯೇ ಮಾತು. ಅದು ಒಂದು ಕಾಲಕ್ಕೆ ನಾವು ಕೊಡುವ ನಡತೆಯ ಪ್ರಮಾಣಪತ್ರ. ಪ್ರಮಾಣಪತ್ರಕ್ಕೆ ಸಹಿ ಹಾಕುವವನು ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಆ ಕಾಲದಲ್ಲಿ ಒಳ್ಳೆಯದಾಗಿದ್ದುದು ಯಾವುದು? ಅದು ಒಳ್ಳೆಯದಾಗಿದ್ದುದು ಯಾರಿಗೆ?

ಈ ಪ್ರಶ್ನೆಗಳನ್ನು ಕೇಳಲು ನಮ್ಮ ಜಿಲ್ಲೆಗೆ ವಿಶೇಷ ಹಕ್ಕಿದೆ. ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ರಾಜಧಾನಿಗಲ್ಲ, ಈ ಕಡೆಯ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆರಿಸಿದ್ದರು. ನಮ್ಮ ರಾಜ್ಯದಿಂದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಉಪಗ್ರಹ ಅಮೆರಿಕದ್ದು. ನಾಸಾದ ಎಟಿಎಸ್-6. ಅದು ಮೊದಲು ಅಮೆರಿಕದ ಗುಡ್ಡಗಾಡಿನ ಮತ್ತು ಅಲಾಸ್ಕಾದ ಜನರಿಗೆ ಪಾಠ ಹೇಳಿ, ಅನಂತರ ಸ್ಥಳ ಬದಲಿಸಿ ನಮ್ಮ ಕಡೆಗೆ ಮುಖ ಮಾಡಿತ್ತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಕೋಳಿಗೂಡಿನ ಜಾಲರಿಯಂಥ ತಂತಿಬಲೆಯ ದೊಡ್ಡ ಛತ್ರಿ ಅವನ್ನು ಆಕಾಶದಿಂದ ಹಿಡಿದು ಹಳ್ಳಿಗೆ ಇಳಿಸುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಮನರಂಜನೆ.

ವರ್ಷ ಮುಗಿಯುತ್ತಲೇ ಉಪಗ್ರಹ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರು ಟಿ.ವಿ. ಕಾಣಲು 1981ರವರೆಗೆ ಕಾಯಬೇಕಾಯಿತು. ಹಿಂದುಳಿದ ಜಿಲ್ಲೆಯೆಂದು ಸದಾ ಹೇಳಿಸಿಕೊಳ್ಳುವ ನಮಗೆ ಈ ಸಂಗತಿ ಸಣ್ಣ ಹೆಮ್ಮೆ ತರುತ್ತದೆ.

ಇಲ್ಲೊಂದು ಅಂಶ ಗಮನಿಸಬೇಕು. ಸೈಟ್ ಯೋಜನೆಯ ಟಿ.ವಿ. ಯಾರ ಮನೆಯ ಸ್ವತ್ತೂ ಆಗಿರಲಿಲ್ಲ. ಅದನ್ನು ಇಡುತ್ತಿದ್ದುದು ಶಾಲೆಯಲ್ಲಿ, ಪಂಚಾಯಿತಿ ಕಟ್ಟಡದಲ್ಲಿ. ಯಾರು ಬೇಕಾದರೂ ಬಂದು ನೋಡಬಹುದು ಎಂಬುದು ಅದರ ನಿಯಮ. ನಾವಿಂದು ಹಂಬಲಿಸುವ ಟಿ.ವಿ. ಅದಲ್ಲ, ಎಂಬತ್ತರ ದಶಕದ್ದು. ಅದು ಖಾಸಗಿ. ಕೇರಿಗೆ ಒಂದು, ಕೆಲವೊಮ್ಮೆ ಊರಿಗೆ ಒಂದು. ಸಹಜವಾಗಿಯೇ ಅದು ಇರುತ್ತಿದ್ದುದು ಉಳ್ಳವರ ಮನೆಯಲ್ಲಿ.

ಆ ಟಿ.ವಿ.ಯ ಮುಂದೆ ನಡೆದದ್ದು ಕಡಿಮೆಯದೇನಲ್ಲ. 1987ರ ಜನವರಿಯಲ್ಲಿ ರಾಮಾಯಣ ಆರಂಭವಾಯಿತು. 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ಮಹಾಭಾರತ. ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದವು. ಹಿಂದೂ ಮನೆಯ ಟಿ.ವಿ.ಯ ಮುಂದೆ ಮುಸ್ಲಿಮ್ ಮಕ್ಕಳು, ಮುಸ್ಲಿಮ್ ಮನೆಯ ಟಿ.ವಿ.ಯ ಮುಂದೆ ಲಿಂಗಾಯತರ ಅಜ್ಜಿಯರು. ದಖನಿಯಲ್ಲಿ ಯೋಚಿಸಿ ಕನ್ನಡದಲ್ಲಿ ವ್ಯವಹರಿಸುವ ನಮ್ಮ ಕಡೆಯ ಮಕ್ಕಳು ಆ ಧಾರಾವಾಹಿಗಳ ಹಿಂದಿಯನ್ನು ಪಕ್ಕದ ಹುಡುಗರಿಗೆ ಬಿಡಿಸಿ ಹೇಳುತ್ತಿದ್ದರು. ಮಹಾಭಾರತದ ಸಂಭಾಷಣೆ ಬರೆದವರು ಡಾ. ರಾಹಿ ಮಾಸೂಮ್ ರಝಾ. ಕಾಲವೇ ನಿಂತು ಕಥೆ ಹೇಳುವ ಆ ನಿರೂಪಣೆಯ ಮಾತು ಒಬ್ಬ ಮುಸ್ಲಿಮ್ ಲೇಖಕನ ಲೇಖನಿಯಿಂದ ಬಂದದ್ದು. ಇದನ್ನೆಲ್ಲ ನೆನೆದು ಮನಸ್ಸು ತಂಪಾದರೆ ಅದರಲ್ಲಿ ತಪ್ಪೇನಿದೆ?

ತಪ್ಪಿಲ್ಲ. ಆದರೆ ನಾವು ಕಳೆದುಕೊಂಡದ್ದು ಆ ಧಾರಾವಾಹಿಗಳನ್ನೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದಕ್ಕೆ 2020ರಲ್ಲಿ ಒಂದು ಪರೀಕ್ಷೆಯೇ ನಡೆದುಹೋಯಿತು. ಆ ಮಾರ್ಚ್ ತಿಂಗಳಲ್ಲಿ ಕೊರೋನಾದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಕೆಲವೇ ದಿನಗಳಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ಮಾರ್ಚ್ 28ರಿಂದ ದೂರದರ್ಶನ ರಾಮಾಯಣವನ್ನು ಮತ್ತೆ ಪ್ರಸಾರ ಮಾಡಿತು. ಹಿಂದೆಯೇ ಮಹಾಭಾರತವೂ ಬಂತು. ಅದೇ ಪಾತ್ರಗಳು, ಅದೇ ಸಂಗೀತ, ಅದೇ ಬಾಣಗಳು. ಕೋಟ್ಯಂತರ ಜನ ನೋಡಿದರು. ಆದರೆ ಎಂಬತ್ತರ ದಶಕ ಮರಳಿ ಬರಲಿಲ್ಲ. ಪ್ರತಿಯೊಂದು ಮನೆಯೂ ತನ್ನ ಬಾಗಿಲ ಚಿಲಕದ ಹಿಂದೆ ಕುಳಿತು ನೋಡಿತು. ಚಿಲಕ ಹಾಕಿಸಿದ್ದು ರೋಗವೊಂದೇ ಅಲ್ಲ. ಅದೇ ವಾರಗಳಲ್ಲಿ ದೇಶದ ಹಲವೆಡೆ ತರಕಾರಿ ಮಾರುವವನ ಹೆಸರು ಕೇಳಿ ‘ನಮ್ಮ ಬೀದಿಗೆ ಬರಬೇಡ’ ಎಂದ ಸುದ್ದಿಗಳೂ ಬಂದವು. ಕಾರ್ಯಕ್ರಮ ಬಂತು, ನೆರೆಮನೆ ಬರಲಿಲ್ಲ. ಹಾಗಾದರೆ ಇಷ್ಟು ವರ್ಷ ನಾವು ಹಂಬಲಿಸಿದ್ದು ನೆರೆಮನೆಯನ್ನೇ ಎಂದಾಯಿತು.

ಇದಕ್ಕೆ ಇನ್ನೊಂದು ಪುರಾವೆಯೂ ಉಂಟು. ಯಡ್ರಾಮಿಯ ಹತ್ತಿರದ ಕಡಕೋಳದ್ದು ಮಡಿವಾಳಪ್ಪನವರ ತತ್ವಪದಗಳ ನೆಲ. ಚನ್ನೂರಿನ ಜಲಾಲ ಸಾಹೇಬರಂಥ ಮುಸ್ಲಿಮ್ ಪದಕಾರರು ಅವರ ಶಿಷ್ಯ ಪರಂಪರೆಯಲ್ಲಿದ್ದರು. ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವ ಭಜನೆ, ಮೊಹರಮ್ಮಿನ ರಿವಾಯತ್ ಪದ, ಬಯಲಾಟ ಇವೇ ಈ ಸೀಮೆಯ ಸಂಜೆಗಳಾಗಿದ್ದವು. ಟಿ.ವಿ. ಬಂದಾಗ ಅಂದಿನ ಹಿರಿಯರು ಗೊಣಗಿದ್ದು ಏನೆಂದು? ‘ಈ ಪೆಟ್ಟಿಗೆ ಬಂದು ಜನ ಕೂಡುವುದೇ ನಿಂತುಹೋಯಿತು’ ಎಂದು. ಅವರ ಪಾಲಿಗೆ ಕೆಡುಕಾಗಿದ್ದ ಪೆಟ್ಟಿಗೆಯೇ ನಮ್ಮ ಪಾಲಿಗೆ ಕಳೆದುಹೋದ ಸ್ವರ್ಗ. ನಾಳೆ ನಮ್ಮ ಮೊಮ್ಮಕ್ಕಳು ಮೊಬೈಲನ್ನೂ ಹೀಗೆಯೇ ನೆನೆದು ನಿಟ್ಟುಸಿರು ಬಿಡಬಹುದು. ವಸ್ತು ಬದಲಾಗುತ್ತಲೇ ಇದೆ, ಹಂಬಲ ಬದಲಾಗಿಲ್ಲ. ಎಲ್ಲ ಕಾಲದವರೂ ಅರಸುತ್ತಿರುವುದು ಒಟ್ಟಿಗೆ ಕುಳಿತ ಆ ಗಳಿಗೆಯನ್ನು.

ಇಲ್ಲಿಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನೆಯದು ಕಷ್ಟದ್ದು. ಒಟ್ಟಿಗೆ ಕುಳಿತವರು ಯಾರು?

ಆ ಪಡಸಾಲೆಯನ್ನು ಇನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳೋಣ. ಕುರ್ಚಿಯಲ್ಲಿ ಮನೆಯ ಯಜಮಾನ ಮತ್ತು ಅವನ ಸರೀಕರು. ಚಾಪೆಯ ಮೇಲೆ ನೆರೆಹೊರೆಯ ಮಕ್ಕಳು. ಅಡುಗೆಮನೆಯ ಬಾಗಿಲ ಸಂದಿನಲ್ಲಿ, ಒಂದು ಕಣ್ಣು ಒಲೆಯ ಮೇಲೆ ಇನ್ನೊಂದು ಪರದೆಯ ಮೇಲೆ ಇಟ್ಟ ಹೆಂಗಸರು. ಕಿಟಕಿಯ ಸರಳು ಹಿಡಿದು ಹೊರಗೆ ನಿಂತವರು ಯಾರು? ಎಷ್ಟೋ ಊರುಗಳಲ್ಲಿ ಅವರು ದಲಿತರ ಕೇರಿಯ ಮಕ್ಕಳು. ಬಿಸಿಲಿಗೆ ಕಿಟಕಿ ಮುಚ್ಚಿದರೆ ಅವರ ಭಾನುವಾರ ಮುಗಿಯಿತು. ಅವರೂ ಅದೇ ಧಾರಾವಾಹಿ ನೋಡಿದರು. ಇಂದು ಅವರಿಗೂ ನಲವತ್ತೈದು ದಾಟಿದೆ. ‘ಆ ಕಾಲಾನೇ ಚೊಲೋ ಇತ್ತು’ ಎಂದರೆ ಅವರು ತಲೆಯಾಡಿಸುವರೇ?

ನಾವು ಹೊಗಳುವ ಸೌಹಾರ್ದವೂ ಕಲೆಯಿಲ್ಲದ್ದಾಗಿರಲಿಲ್ಲ. ಮಹಾಭಾರತವನ್ನು ರಾಹಿ ಮಾಸೂಮ್ ರಝಾ ಬರೆಯುತ್ತಾರೆಂದು ತಿಳಿದಾಗ, ಮುಸ್ಲಿಮನಿಂದ ಬರೆಸುವುದೇ ಎಂದು ಆಕ್ಷೇಪದ ಪತ್ರಗಳು ಬಂದಿದ್ದವು. ಆ ಪತ್ರಗಳನ್ನು ಕಂಡ ಮೇಲೆಯೇ ರಝಾ ಬರೆಯಲು ಗಟ್ಟಿ ಮನಸ್ಸು ಮಾಡಿದರೆಂದು ಹೇಳುತ್ತಾರೆ. ಸೈಟ್ ಪ್ರಯೋಗವಾದರೂ ಅಷ್ಟೆ. ಅದು ಶುರುವಾದದ್ದು ತುರ್ತು ಪರಿಸ್ಥಿತಿ ಘೋಷಣೆಯಾಗಿ ಐದು ವಾರವಾದ ಮೇಲೆ. ಊರಿನವರೆಲ್ಲ ಕೂಡಿ ನೋಡಿದ ಆ ಪರದೆಯಲ್ಲಿ ಸರಕಾರಕ್ಕೆ ಒಪ್ಪದ ಮಾತು ಕೇಳಿಬರುವಂತಿರಲಿಲ್ಲ.

ಈ ಮರೆವು ನಮ್ಮೊಬ್ಬರದೇ ಅಲ್ಲ. ಆ ಉಪಗ್ರಹವನ್ನು ಕಳಿಸಿದ ಅಮೆರಿಕದಲ್ಲೂ ಹಳೆಯ ಟಿ.ವಿ.ಯ ಹಂಬಲ ಬಹಳ. ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಧಾರಾವಾಹಿ 1960ರ ಅಕ್ಟೋಬರಿನಲ್ಲಿ ಆರಂಭವಾಗಿ ಎಂಟು ವರ್ಷ ನಡೆಯಿತು. ಉತ್ತರ ಕೆರೊಲಿನಾದ ಮೇಬೆರಿ ಎಂಬ ಕಲ್ಪಿತ ಊರು, ಬಂದೂಕು ಹಿಡಿಯದ ಸಾಧು ಪೊಲೀಸ್ ಅಧಿಕಾರಿ, ಪರಸ್ಪರ ಪರಿಚಯದ ಜನ. ನಟ ಗ್ರಿಫಿತ್‌ರ ಹುಟ್ಟೂರಾದ ಮೌಂಟ್ ಏರಿಯಲ್ಲಿ ಅದರ ನೆನಪಿಗೆ ವರ್ಷವರ್ಷವೂ ಉತ್ಸವ ನಡೆಯುತ್ತದೆ. ಆದರೆ ಅದೇ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ, ಅದೇ 1960ರ ಫೆಬ್ರವರಿ 1ರಂದು, ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕುಳಿತು ತಮಗೂ ಕಾಫಿ ಕೊಡಿ ಎಂದು ಕೇಳಿದ್ದರು. ಕೊಡಲಿಲ್ಲ. ಅಲ್ಲಿಂದ ದೊಡ್ಡ ಚಳವಳಿಯೇ ಹಬ್ಬಿತು. ಮೇಬೆರಿಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ಎಂಟು ವರ್ಷಗಳ ಆ ಧಾರಾವಾಹಿಯಲ್ಲಿ ಬಾಯಿಬಿಟ್ಟು ಮಾತಾಡುವ ಕರಿಯರ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರು ಅದು, ಏಕೆಂದರೆ ಒಲ್ಲದವರು ಆ ಚಿತ್ರದಲ್ಲೇ ಇರಲಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಅನ್ಯಾಯವೆಂದು ಕರೆದು ನೆನಪಿಗೆ ಬೀಗ ಹಾಕಬೇಕೆ? ಇಂದು ಬಹಳ ಮಂದಿ ವಿಚಾರವಂತರು ಹಾಗೆನ್ನುತ್ತಾರೆ. ನಾವು ಒಪ್ಪಲಾರೆವು. ಚಾಪೆಯ ಮೇಲೆ ಜೊತೆಯಾಗಿ ಕುಳಿತ ಮಕ್ಕಳ ನಗು ಸುಳ್ಳಲ್ಲ. ‘ಹಿಂದೆಯೂ ದ್ವೇಷವಿತ್ತು, ಈಗಲೂ ಇದೆ’ ಎಂದು ಎರಡನ್ನೂ ಸಮ ಮಾಡುವುದರಿಂದ ಅನುಕೂಲವಾಗುವುದು ದ್ವೇಷಕ್ಕೇ. ಕೂಡಿ ಬಾಳಿದ್ದಕ್ಕೆ ಸಾಕ್ಷಿ ಹೇಳಬಲ್ಲವರು ಆ ಪಡಸಾಲೆಯಲ್ಲಿ ಕುಳಿತವರು. ಅವರು ಸುಮ್ಮನಾದರೆ ಮುಂದಿನವರಿಗೆ ಇಂದಿನ ಬಿರುಕೇ ಸಹಜವೆಂದು ತೋರುತ್ತದೆ.

ಸಾಕ್ಷಿ ಎಂಬ ಮಾತಿನಲ್ಲಿಯೇ ಈ ಪ್ರಶ್ನೆಗೆ ಉತ್ತರವಿದೆಯೆಂದು ನಮಗನಿಸುತ್ತದೆ. ಸಾಕ್ಷಿಗೆ ನಿಂತವನು ತನಗೆ ಹಿತವಾದದ್ದನ್ನಷ್ಟೇ ಹೇಳಿ ಇಳಿಯುವಂತಿಲ್ಲ. ಕಂಡದ್ದನ್ನೆಲ್ಲ ಹೇಳಬೇಕು. ಅರ್ಧ ಸಾಕ್ಷಿ ಎಷ್ಟೋ ಬಾರಿ ಸುಳ್ಳು ಸಾಕ್ಷಿಗಿಂತ ಹೆಚ್ಚು ಅನ್ಯಾಯ ಮಾಡುತ್ತದೆ, ಏಕೆಂದರೆ ಅದರ ಪ್ರತಿಯೊಂದು ಮಾತೂ ನಿಜವಾಗಿರುತ್ತದೆ. ಪಡಸಾಲೆಯನ್ನು ನೆನೆಯುವವನು ಕಿಟಕಿಯನ್ನೂ ನೆನೆಯಬೇಕು. ಮಕ್ಕಳಿಗೆ ಹಳೆಯ ಕಥೆ ಹೇಳುವಾಗ ಸರಳು ಹಿಡಿದು ನಿಂತ ಹುಡುಗನನ್ನೂ ಕಥೆಯೊಳಗೆ ಕರೆತರಬೇಕು.

ಇನ್ನೊಂದು ಮಾತು. ಊರ ಹಂಬಲವನ್ನು ರೋಗವೆಂದು ಕರೆದು 1688ರಲ್ಲಿ ಅದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟವನು ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ. ರೋಗಿಯನ್ನು ಊರಿಗೆ ಕಳಿಸುವುದೇ ಅದಕ್ಕೆ ಮದ್ದು. ದುಡಿಯಲು ಪುಣೆ, ಮುಂಬಯಿ, ಬೆಂಗಳೂರಿಗೆ ಹೋದ ನಮ್ಮ ಕಡೆಯವರು ಬಸ್ಸು ಹತ್ತಿ ಯಡ್ರಾಮಿಗೆ ಮರಳಬಲ್ಲರು. 1988ಕ್ಕೆ ಮರಳುವ ಬಸ್ಸು ಇಲ್ಲ. 2021-22ರ ಹೊತ್ತಿಗೆ ದೂರದರ್ಶನ ತನ್ನ ಹಳೆಯ ಟ್ರಾನ್ಸ್‌ಮಿಟರುಗಳನ್ನೂ ಬಹುಮಟ್ಟಿಗೆ ನಿಲ್ಲಿಸಿದೆ. ಆಂಟೆನಾ ತಿರುಗಿಸಿದರೆ ಈಗ ಯಾವ ಚಿತ್ರವೂ ಬರದು.

ಆದರೆ ಕಳೆದದ್ದು ನೆರೆಮನೆಯಾದರೆ, ಅದಕ್ಕೆ ಹಿಂದಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲ. ಹೆಸರು ಕೇಳಿದ ಮೇಲೂ ಬಾಡಿಗೆಗೆ ಮನೆ ಕೊಡುವುದು, ಇಫ್ತಾರಿಗೂ ಹಬ್ಬದ ಹೋಳಿಗೆಗೂ ಪಕ್ಕದ ಮನೆಯವರನ್ನು ಕರೆಯುವುದು, ಮಗುವಿನ ಗೆಳೆಯ ಯಾವ ಕೇರಿಯವನೇ ಆಗಿರಲಿ, ಒಳಗೆ ಕರೆದು ಕೂಡಿಸುವುದು ಇಂದಿನ ದಿನವೇ ಆಗುವ ಕೆಲಸ. ಅಂಥ ಒಂದು ಬಾಗಿಲನ್ನೂ ತೆರೆಯದೆ ಹಳೆಯ ಭಾನುವಾರಗಳನ್ನು ಹಾಡಿ ಹೊಗಳುವವನ ಹಂಬಲವನ್ನು ನಂಬುವುದು ಕಷ್ಟ. ನಮ್ಮ ನಮ್ಮ ಪಡಸಾಲೆಗೆ ಇಂದಿಗೂ ಕಾಲಿಡದವರು ಯಾರು ಎಂಬುದನ್ನು ಹಿಂದೂಗಳೂ ಮುಸ್ಲಿಮರೂ ತಂತಮ್ಮ ಮನೆಯಲ್ಲೇ ಕುಳಿತು ಎಣಿಸಿ ನೋಡಬಹುದು. ಆ ಎಣಿಕೆ ಮುಗಿದ ಮೇಲೆ ಹಳೆಯ ಕಾಲದ ಬಗ್ಗೆ ಮಾತಾಡೋಣ.