ಗುತ್ತಿಗೆಗೆ ಕೊಟ್ಟ ಸೆರೆಮನೆಗೆ ಹೊಣೆ ಯಾರು?

ಒಬ್ಬ ರೈತನು ದೂರ ಪ್ರಯಾಣಕ್ಕೆ ಹೊರಡುವಾಗ ತನ್ನ ಎತ್ತುಗಳನ್ನು ನೆರೆಯವನ ವಶಕ್ಕೆ ಒಪ್ಪಿಸಿ, ಮೇವಿಗೆಂದು ಹಣವನ್ನೂ ಕೊಟ್ಟು ಹೋದನೆಂದು ಭಾವಿಸಿರಿ. ಮೇವು ಕಡಿಮೆಯಾದಷ್ಟೂ ನೆರೆಯವನ ಗಂಟು ಬೆಳೆಯುವದು. ಎತ್ತು ಬಾಯಿ ತೆರೆದು ದೂರು ಹೇಳಲಾರದು. ರೈತನು ತಿರಿಗಿ ಬಂದಾಗ ಅವುಗಳ ಎಲುಬುಗಳೇ ಕಾಣುತ್ತಿದ್ದರೆ ತಪ್ಪು ಯಾರದು? ನೆರೆಯವನದೆಂಬದು ನಿಶ್ಚಯ. ಆದರೆ ನಡುವೆ ಒಂದು ಸಾರಿಯಾದರೂ ಯಾರನ್ನೂ ಕಳುಹಿಸಿ ವಿಚಾರಿಸದ ಒಡೆಯನು ನಿರಪರಾಧಿಯೋ?

ಈ ಪ್ರಶ್ನೆಯು ಎತ್ತುಗಳಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಇಂಗ್ಲೆಂಡ್, ಅಮೇರಿಕ ಮುಂತಾದ ದೇಶಗಳಲ್ಲಿ ಸರಕಾರಗಳು ಕೆಲವು ಸೆರೆಮನೆಗಳನ್ನು ಖಾಸಗಿ ಕಂಪೆನಿಗಳಿಗೆ ಗುತ್ತಿಗೆಗೆ ಕೊಟ್ಟಿವೆ. ಹಣ ಕೊಡುವದು ಸರಕಾರ, ಸೆರೆಯಾಳುಗಳನ್ನು ಕಾಯುವದು ಕಂಪೆನಿ. ಆಹಾರ, ಔಷಧ, ಕಾವಲುಗಾರರ ಸಂಬಳ ಮುಂತಾದ ವೆಚ್ಚಗಳನ್ನು ಕಳೆದು ಉಳಿದದ್ದೇ ಕಂಪೆನಿಯ ಲಾಭ.

ಸೆರೆಯಾಳುಗಳಿಂದ ಲಾಭ ಪಡೆಯುವದು ಹೊಸ ಸಂಗತಿಯಲ್ಲ. 1773ರಲ್ಲಿ ಜಾನ್ ಹೋವರ್ಡ್ ಎಂಬವನು ಇಂಗ್ಲೆಂಡಿನ ಬೆಡ್‌ಫರ್ಡ್ ಸೀಮೆಗೆ ಶೆರೀಫನಾಗಿ ನೇಮಕವಾದನು. ಆ ಊರಿನ ಜೈಲರನಿಗೆ ಸಂಬಳವಿರಲಿಲ್ಲ. ಸೆರೆಯಾಳುಗಳು ತೆರುವ ಹಣವೇ ಅವನ ಜೀವನೋಪಾಯವಾಗಿತ್ತು. ಆದಕಾರಣ ನ್ಯಾಯಸ್ಥಾನವು ನಿರ್ದೋಷಿಗಳೆಂದು ತೀರ್ಪು ಕೊಟ್ಟವರು ಸಹ, ಆ ಹಣ ತೆರಲಾರದೆ ತಿರಿಗಿ ಸೆರೆಗೆ ಎಳೆಯಲ್ಪಡುತ್ತಿದ್ದರು. ಜೈಲರನಿಗೆ ಸಂಬಳ ಕೊಡಿರೆಂದು ಹೋವರ್ಡನು ಬೇಡಿಕೊಂಡಾಗ ಅಧಿಕಾರಿಗಳು, ಹಾಗೆ ಬೇರೆಲ್ಲಿಯಾದರೂ ನಡೆಯುತ್ತದೋ ಎಂದು ಕೇಳಿದರು. ಅವನು ಅದನ್ನು ಹುಡುಕುತ್ತಾ ಸೀಮೆ ಸೀಮೆಗಳಿಗೆ ಹೋಗಿ, ಸೆರೆಮನೆಗಳ ಒಳಹೊಕ್ಕು, ಎಲ್ಲೆಲ್ಲಿಯೂ ಅದೇ ಅನ್ಯಾಯವನ್ನು ಕಂಡನು. 1774ರಲ್ಲಿ ಪಾರ್ಲಿಮೆಂಟ್ ಸಭೆಯು ನಿರ್ದೋಷಿಗಳಿಂದ ಹಣ ವಸೂಲು ಮಾಡುವದನ್ನು ನಿಲ್ಲಿಸಿತು. ಒಬ್ಬನು ಒಳಗೆ ಹೋಗಿ ತನ್ನ ಕಣ್ಣಿನಿಂದ ನೋಡಿದ್ದರ ಫಲವಿದು.

ಈಗಿನ ಕಾಲದ ಸಂಗತಿಯನ್ನು ಕೇಳಿರಿ. ಬರ್ಮಿಂಗ್‌ಹ್ಯಾಮ್ ಪಟ್ಟಣದ ಸೆರೆಮನೆಯು 2011ರಲ್ಲಿ ಒಂದು ಕಂಪೆನಿಯ ಕೈಸೇರಿತು. ಇಂಥ ಸೆರೆಮನೆಯಲ್ಲಿ ಸರಕಾರದ ಅಧಿಕಾರಿಯೊಬ್ಬನು ಇದ್ದು ಕಂಪೆನಿಯ ನಡತೆಯನ್ನು ಗಮನಿಸಬೇಕೆಂಬ ಕಾನೂನು ಅಲ್ಲಿ ಉಂಟು. ಆದರೂ 2018ರಲ್ಲಿ ಸೆರೆಮನೆಗಳ ಮುಖ್ಯ ಪರೀಕ್ಷಕನಾದ ಪೀಟರ್ ಕ್ಲಾರ್ಕನು ಬಂದು ನೋಡಲು, ಒಳಗೆ ಹೊಲಸು ತುಂಬಿತ್ತು. ಬಲಿಷ್ಠರು ಬಡಪಾಯಿಗಳನ್ನು ಹೊಡೆಯುತ್ತಿದ್ದರು. ಕಾವಲುಗಾರರಲ್ಲಿ ಕೆಲವರು ಭಯದಿಂದ ತಮ್ಮ ಕೋಣೆಗಳಲ್ಲಿ ಬೀಗ ಹಾಕಿಕೊಂಡಿದ್ದರು. ಆ ಆಗಸ್ಟ್ ತಿಂಗಳಲ್ಲಿ ಸರಕಾರವು ಸೆರೆಮನೆಯ ಆಡಳಿತವನ್ನು ತಾನೇ ವಹಿಸಿಕೊಂಡಿತು. ಕರಾರುಪತ್ರವಿತ್ತು, ಅಧಿಕಾರಿಯೂ ಇದ್ದನು; ಕಂಡ ಕೇಡನ್ನು ಕಾಲಕ್ಕೆ ಸರಿಯಾಗಿ ತಡೆಯುವ ಕೈ ಮಾತ್ರ ಇರಲಿಲ್ಲ.

ಹಾಗಾದರೆ ಸರಕಾರದ ಕೈಯಲ್ಲಿದ್ದರೆ ಸಾಕೋ? ಸಾಲದು. ಅದೇ ವರುಷ ಹೋವರ್ಡನ ಬೆಡ್‌ಫರ್ಡಿನ ಸೆರೆಮನೆಯ ಬಗ್ಗೆಯೂ ಅದೇ ಪರೀಕ್ಷಕನು ತುರ್ತು ಎಚ್ಚರಿಕೆ ಕೊಡಬೇಕಾಯಿತು. ಅದನ್ನು ಸರಕಾರವೇ ನಡಿಸುತ್ತಿತ್ತು. ಆದರೂ ಇಸ್ರಾಯೇಲ್ ದೇಶದ ಸರ್ವೋಚ್ಚ ನ್ಯಾಯಸ್ಥಾನವು 2009ರಲ್ಲಿ, ಮನುಷ್ಯನ ಬಿಡುಗಡೆಯನ್ನು ಕಸಿದುಕೊಳ್ಳುವ ಅಧಿಕಾರವನ್ನು ಲಾಭಗಾರರಿಗೆ ಕೊಡುವದೇ ಮನುಷ್ಯತ್ವದ ಗೌರವಕ್ಕೆ ಕುಂದೆಂದು ತೀರ್ಪು ಕೊಟ್ಟಿತು. ಒಂಬತ್ತು ಮಂದಿ ನ್ಯಾಯಾಧಿಪತಿಗಳಲ್ಲಿ ಎಂಟು ಮಂದಿ ಇದಕ್ಕೆ ಒಡಂಬಟ್ಟರು.

ಕಳ್ಳರಿಗೋಸ್ಕರ ಇಷ್ಟು ಚಿಂತೆ ಯಾಕೆ ಎಂದು ಕೆಲವರು ಕೇಳಾರು. ನ್ಯಾಯಾಧಿಪತಿಯು ಅವನಿಗೆ ವಿಧಿಸಿದ್ದು ಸೆರೆಯೇ ಹೊರತು ಹಸಿವೆಯಲ್ಲ, ಪೆಟ್ಟಲ್ಲ, ರೋಗವಲ್ಲ. ಅಂಗಡಿಯವನು ಮೋಸ ಮಾಡಿದರೆ ನಾವು ಬೇರೆ ಅಂಗಡಿಗೆ ಹೋಗುತ್ತೇವೆ. ಸೆರೆಯಾಳು ಎಲ್ಲಿಗೆ ಹೋದಾನು? ಆದಕಾರಣ ಅವನ ಪರವಾಗಿ ನೋಡುವ ಕಣ್ಣು ಹೊರಗಿನಿಂದಲೇ ಬರಬೇಕು. ಆ ಪರೀಕ್ಷಕನು ಕಂಪೆನಿಯ ಹಂಗಿನಲ್ಲಿರಬಾರದು, ಮುನ್ಸೂಚನೆಯಿಲ್ಲದೆ ಬರಬೇಕು, ಕಂಡದ್ದನ್ನು ಎಲ್ಲರಿಗೂ ತಿಳಿಯುವಂತೆ ಬರೆಯಬೇಕು, ಬರೆದದ್ದಕ್ಕೆ ಸರಕಾರವು ಉತ್ತರ ಕೊಡಬೇಕು.

ಕೆಲಸವನ್ನು ಕೂಲಿಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಸೆರೆಯ ತೀರ್ಪು ಪ್ರಜೆಗಳೆಲ್ಲರ ಹೆಸರಿನಲ್ಲಿ ಆಗುತ್ತದೆ. ಮೇವಿನ ಹಣವೂ ಅವರದೇ. ಹೀಗಿರಲು ಎತ್ತು ಬಡಕಲಾದ ದಿನ ನೆರೆಯವನನ್ನು ಮಾತ್ರ ಬೈದು ಒಡೆಯನು ಕೈ ತೊಳೆದುಕೊಳ್ಳುವದು ನ್ಯಾಯವಲ್ಲ.